ಕಪಾಟಿನಲ್ಲಿ ಮಲಗಿದ ದುಡ್ಡು: ಒಂದು ರೆಕಾರ್ಡ್ ಅಂಗಡಿಯ ಮೊದಲ ಮೂರು ವರ್ಷ

ಅಂಗಡಿ ತೆರೆದು ಒಂಬತ್ತು ತಿಂಗಳಾಗಿತ್ತು. ಒಂದು ಭಾನುವಾರ ಬಾಗಿಲು ಹಾಕಿಕೊಂಡು ನಾನು ಮತ್ತು ನನ್ನ ಗೆಳೆಯ ಒಳಗಿದ್ದ ಒಂದೊಂದು ರೆಕಾರ್ಡನ್ನೂ ಎಣಿಸಿದೆವು. ಹೊಸ ಎಲ್‌ಪಿಗಳೇ, ಅಂದರೆ ಪ್ಲಾಸ್ಟಿಕ್‌ನ ದೊಡ್ಡ ರೆಕಾರ್ಡ್‌ಗಳೇ, 1,140 ಇದ್ದವು. ಅದರಲ್ಲಿ 430ರ ಹಿಂದೆ ಅಂಟಿಸಿದ್ದ ಚೀಟಿಯಲ್ಲಿ ಆರು ತಿಂಗಳಿಗಿಂತ ಹಳೇ ತಾರೀಖು. ಇನ್ನೂ 360 ಅಕ್ಟೋಬರಿನ ಒಂದೇ ವಾರದಲ್ಲಿ ಬಂದು ಬಿದ್ದವು. ಬ್ಯಾಂಕಿನಲ್ಲಿದ್ದ ದುಡ್ಡು ಎರಡು ತಿಂಗಳ ಬಾಡಿಗೆಗೆ ಸಾಲುತ್ತಿರಲಿಲ್ಲ.

ಜನ ಬರುತ್ತಿರಲಿಲ್ಲ ಅಂತ ಅಂದುಕೊಳ್ಳಬೇಡಿ. ಶನಿವಾರ ಸಂಜೆ ಒಳಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಗಲ್ಲಾಪೆಟ್ಟಿಗೆಯೂ ಸುಮ್ನೆ ಕೂತಿರಲಿಲ್ಲ. ಆದರೂ ನಾವು ಮುಳುಗುತ್ತಿದ್ದೆವು. ಯಾಕೆ ಅಂತ ಗೊತ್ತಾಗಲು ಆ ಭಾನುವಾರ ಬೇಕಾಯಿತು. ಅಂಗಡಿ ಹಾಕಬೇಕು ಅಂತಿರುವವರಿಗೆ ನಮ್ಮ ಲೆಕ್ಕ ಉಪಯೋಗಕ್ಕೆ ಬರಬಹುದು ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ಮೊದಲು ಯಾರು ಏನು ಅಂತ ಹೇಳಿಬಿಡುತ್ತೇನೆ. ಗೆಳೆಯ ಇಪ್ಪತ್ತು ವರ್ಷದಿಂದ ರೆಕಾರ್ಡ್ ಕೂಡಿಡುವವನು. ಇಡುಗಂಟಿನ ಮುಕ್ಕಾಲು ಪಾಲು ಅವನ ಉಳಿತಾಯ. ಕಾಲು ಪಾಲು ನನ್ನದು, ಜೊತೆಗೆ ಒಂದು ಸಣ್ಣ ಸಾಲ. ಅವನದು ಸರಕು, ನನ್ನದು ಲೆಕ್ಕ. 2021ರ ಮಾರ್ಚಿನಲ್ಲಿ ಬಾಗಿಲು ತೆರೆದೆವು.

ಆಗಿನ ಮಾರುಕಟ್ಟೆ ಹೇಗಿತ್ತು ಅಂದರೆ, ದೂರದಿಂದ ನೋಡಿದವರಿಗೆ ಒಳ್ಳೇ ಕಾಲ ಅನ್ನಿಸುವಂತಿತ್ತು. ಅಮೆರಿಕದಲ್ಲಿ 2020ರಲ್ಲಿ ಎಲ್‌ಪಿಯ ವಹಿವಾಟು ಸಿಡಿಯನ್ನು ದಾಟಿತು. 1986ರ ನಂತರ ಹಾಗಾಗಿದ್ದು ಅದೇ ಮೊದಲು. ಆಮೇಲೆ 2022ರಲ್ಲಿ ಎಣಿಕೆಯಲ್ಲೂ ದಾಟಿತು: ಎಲ್‌ಪಿ ಸುಮಾರು 4.1 ಕೋಟಿ, ಸಿಡಿ 3.3 ಕೋಟಿ. ಇದನ್ನು ಓದಿದವರಿಗೆಲ್ಲ "ರೆಕಾರ್ಡ್ ವಾಪಸ್ ಬಂತು" ಅನ್ನುವ ಮಾತು ಬಾಯಿಗೆ ಬರುತ್ತದೆ, ನಮಗೂ ಬಂದಿತ್ತು. ಅದೇ ಅಮೆರಿಕದಲ್ಲಿ 2023ರ ಸಂಗೀತದ ಆದಾಯದಲ್ಲಿ ನೂರಕ್ಕೆ 84 ಪಾಲು ಸ್ಟ್ರೀಮಿಂಗ್‌ನದ್ದು. ಅಂದರೆ ಬಹುಪಾಲು ಜನ ಹಾಡು ಕೇಳೋದು ಫೋನಿನಲ್ಲೇ. ರೆಕಾರ್ಡ್ ಕೊಳ್ಳುವವರಲ್ಲೂ ತುಂಬಾ ಜನ ಕಲಾವಿದರ ಸ್ವಂತ ಜಾಲತಾಣದಿಂದಲೋ ದೊಡ್ಡ ಆನ್‌ಲೈನ್ ಮಳಿಗೆಯಿಂದಲೋ ತರಿಸಿಕೊಳ್ಳುತ್ತಾರೆ. ಒಟ್ಟು ಮಾರಾಟ ಏರಿದ ಮಾತ್ರಕ್ಕೆ ಬೀದಿಯ ಅಂಗಡಿಗೆ ಆ ಏರಿಕೆ ನಡೆದುಕೊಂಡು ಬರೋದಿಲ್ಲ.

ದೊಡ್ಡವರೇ ಬಿದ್ದಿದ್ದರು ಅನ್ನೋದೂ ಗೊತ್ತಿತ್ತು. 1960ರಲ್ಲಿ ಶುರುವಾದ ಟವರ್ ರೆಕಾರ್ಡ್ಸ್ ಅಮೆರಿಕದ ತನ್ನ ಮಳಿಗೆಗಳನ್ನೆಲ್ಲ 2006ರಲ್ಲಿ ಮುಚ್ಚಿತು. ಬ್ರಿಟನ್ನಿನ ಎಚ್‌ಎಂವಿ ಮಳಿಗೆಗಳ ಕಂಪನಿ 2013ರಲ್ಲಿ ಒಮ್ಮೆ, 2018ರ ಕೊನೆಗೆ ಇನ್ನೊಮ್ಮೆ ದಿವಾಳಿಯ ಬಾಗಿಲಿಗೆ ಹೋಗಿ ಬಂತು. ನಾವು ಇದರಿಂದ ಕಲಿತ ಪಾಠ ಏನು ಅಂದರೆ "ಅವರದ್ದು ದೊಡ್ಡ ಬಾಡಿಗೆ, ದೊಡ್ಡ ಸಂಬಳ, ನಮ್ಮದು ಚಿಕ್ಕದು" ಅಂತ. ಅದು ತಪ್ಪು ಪಾಠ. ಚಿಕ್ಕ ಅಂಗಡಿಗೂ ಅದೇ ಕಾಯಿಲೆ ಬರುತ್ತದೆ, ಗೊತ್ತಾಗುವಷ್ಟರಲ್ಲಿ ಕೈಯಲ್ಲಿ ಕಡಿಮೆ ದುಡ್ಡಿರುತ್ತದೆ ಅಷ್ಟೇ.

ಮೊದಲ ಒಂಬತ್ತು ತಿಂಗಳು

ನಾವು ಹಾಕಿದ ಯೋಜನೆ ಸರಳ. ನೂರಕ್ಕೆ ಎಂಬತ್ತು ಹೊಸ ರೆಕಾರ್ಡ್, ಇಪ್ಪತ್ತು ಹಳೇದು. ಹೊಸದು ಹೊಳೆಯುತ್ತದೆ, ವಿತರಕರ ಪಟ್ಟಿ ನೋಡಿ ಬರೆದರೆ ಮನೆ ಬಾಗಿಲಿಗೆ ಬರುತ್ತದೆ, ಬೆಲೆ ಗೊತ್ತಿರುತ್ತದೆ. ಹಳೇದು ಹುಡುಕಬೇಕು, ತೊಳೆಯಬೇಕು, ಕೇಳಿ ನೋಡಬೇಕು. ಯಾವುದು ಸುಲಭ ಅಂತ ಕೇಳಿದರೆ ಯಾರಾದರೂ ಹೊಸದೇ ಅಂತಾರೆ ಅಲ್ವಾ?

ನಮ್ಮ ಪುಸ್ತಕದ ಪ್ರಕಾರ, ಹೊಸ ಎಲ್‌ಪಿ ಒಂದನ್ನು ನೂರಕ್ಕೆ ಮಾರಿದರೆ ಅದರಲ್ಲಿ ಸುಮಾರು ಎಪ್ಪತ್ತು ವಿತರಕರಿಗೆ ಹೋಗುತ್ತಿತ್ತು. ಉಳಿದ ಮೂವತ್ತರಲ್ಲಿ ಬಾಡಿಗೆ, ಕರೆಂಟು, ಸಾಲದ ಕಂತು, ಕಾರ್ಡ್ ಯಂತ್ರದ ಶುಲ್ಕ ಎಲ್ಲ ಆಗಬೇಕು. ಇಲ್ಲಿಯವರೆಗೂ ಎಲ್ಲರೂ ಲೆಕ್ಕ ಹಾಕುತ್ತಾರೆ. ನಾವು ಹಾಕದ ಲೆಕ್ಕ ಇದು: ಹೊಸ ಎಲ್‌ಪಿ ಮಾರಾಟವಾಗದೆ ಉಳಿದರೆ ವಿತರಕರು ಹೆಚ್ಚಾಗಿ ವಾಪಸ್ ತಗೊಳ್ಳೋದಿಲ್ಲ. ಒಂದು ಉಳಿದರೆ ಎಪ್ಪತ್ತು ಹೋಯಿತು. ಆ ಎಪ್ಪತ್ತನ್ನು ತುಂಬಿಸಲು ಮೂವತ್ತು ಲಾಭದ ರೆಕಾರ್ಡ್ ಮೂರನ್ನು ಮಾರಬೇಕು. ಹತ್ತು ತರಿಸಿ ಏಳು ಮಾರಿ ಮೂರು ಉಳಿಸಿಕೊಂಡರೆ, ಏಳರ ಲಾಭ ಇನ್ನೂರ ಹತ್ತು, ಮೂರರ ನಷ್ಟ ಇನ್ನೂರ ಹತ್ತು. ಹತ್ತರಲ್ಲಿ ಏಳು ಮಾರಿದ ಅಂಗಡಿಯವನು "ಚೆನ್ನಾಗಿ ಹೋಯ್ತು" ಅಂತ ಖುಷಿಪಡುತ್ತಾನೆ, ಅವನ ಕೈಗೆ ಸಿಕ್ಕಿದ್ದು ಮಾತ್ರ ಸೊನ್ನೆ.

ಇದರ ಮೇಲೆ ಗಾಯಕ್ಕೆ ಬರೆ ಎಳೆದ ಹಾಗೆ ಬಂದಿದ್ದು ತಡವಾದ ಸರಕು. ರೆಕಾರ್ಡ್ ಅಚ್ಚು ಮಾಡಲು ಮೊದಲು ಅಲ್ಯೂಮಿನಿಯಂ ತಟ್ಟೆಯ ಮೇಲೆ ಲ್ಯಾಕರ್ ಅನ್ನುವ ಮೆರುಗು ಬಳಿದು, ಅದರಲ್ಲಿ ಗೆರೆ ಕೊರೆಯುತ್ತಾರೆ. ಆ ಲ್ಯಾಕರ್ ತಟ್ಟೆ ಮಾಡುವ ದೊಡ್ಡ ಕಾರ್ಖಾನೆಗಳು ಇಡೀ ಜಗತ್ತಿಗೆ ಎರಡೇ ಇದ್ದವು. ಅದರಲ್ಲಿ ಕ್ಯಾಲಿಫೋರ್ನಿಯಾದ ಅಪೋಲೊ ಮಾಸ್ಟರ್ಸ್ 2020ರ ಫೆಬ್ರವರಿಯಲ್ಲಿ ಸುಟ್ಟುಹೋಯಿತು. ಉಳಿದದ್ದು ಜಪಾನಿನ ಎಂಡಿಸಿ ಒಂದೇ. ಅದರ ಹಿಂದೆಯೇ ಕೋವಿಡ್ ಬಂತು, ಮನೆಯಲ್ಲಿ ಕೂತ ಜನ ರೆಕಾರ್ಡ್ ಕೇಳಲು ಶುರುಮಾಡಿದರು, ಅಚ್ಚಿನ ಕಾರ್ಖಾನೆಗಳ ಮುಂದೆ ಸರದಿ ತಿಂಗಳುಗಟ್ಟಲೆ ಬೆಳೆಯಿತು. ನಾವು ಏಪ್ರಿಲಿನಲ್ಲಿ, ಮೇನಲ್ಲಿ, ಜೂನಿನಲ್ಲಿ ಬೇರೆ ಬೇರೆಯಾಗಿ ಬರೆದುಕೊಟ್ಟ ಬೇಡಿಕೆ ಅಕ್ಟೋಬರಿನಲ್ಲಿ ಒಟ್ಟಿಗೆ ಬಂತು. ಬಿಲ್ಲೂ ಒಟ್ಟಿಗೆ ಬಂತು. ಮೂವತ್ತು ದಿನದಲ್ಲಿ ಕಟ್ಟಬೇಕು. ಏಪ್ರಿಲಿನಲ್ಲಿ "ಬಂತಾ, ಬಂತಾ" ಅಂತ ದಿನಾ ಕೇಳುತ್ತಿದ್ದ ಹುಡುಗ ಅಷ್ಟರಲ್ಲಿ ಬೇರೆ ಕಡೆಯಿಂದ ತರಿಸಿಕೊಂಡಿದ್ದ.

ಮೂವತ್ತು ದಿನದಲ್ಲಿ ಆ ಸರಕಿನ ಕಾಲು ಭಾಗ ಮಾತ್ರ ಮಾರಿತು. ಬಿಲ್ಲು ಕಟ್ಟಲು ಬಾಡಿಗೆಗೆ ಅಂತ ಎತ್ತಿಟ್ಟಿದ್ದನ್ನು ತೆಗೆದೆವು. ನಾನು ಲೆಕ್ಕ ಬರೆಯುವವನು, ಇದನ್ನು ಜೂನಿನಲ್ಲೇ ಹೇಳಬೇಕಿತ್ತು. ಬರೆದುಕೊಟ್ಟ ಬೇಡಿಕೆಯನ್ನು ನಾನು ಖರ್ಚು ಅಂತ ಎಣಿಸಿರಲಿಲ್ಲ, ಸರಕು ಬಂದಾಗ ಎಣಿಸಿದರಾಯಿತು ಅಂದುಕೊಂಡಿದ್ದೆ. ಈಗ ನಮ್ಮ ಪುಸ್ತಕದಲ್ಲಿ "ಬರಬೇಕಾದ ಸರಕು" ಅಂತ ಒಂದು ಸಾಲೇ ಇದೆ. ಬೇಡಿಕೆ ಬರೆದ ದಿನವೇ ಅಷ್ಟು ದುಡ್ಡನ್ನು ಹೋಯಿತು ಅಂತ ಕಳೆದುಬಿಡುತ್ತೇವೆ.

ಆ ಭಾನುವಾರ ಎಣಿಕೆ ಮುಗಿದ ಮೇಲೆ ಗೆಳೆಯ ತುಂಬಾ ಹೊತ್ತು ಮಾತಾಡಲಿಲ್ಲ. ಅವನು ಪ್ರೀತಿಯಿಂದ ಆರಿಸಿದ ರೆಕಾರ್ಡ್‌ಗಳು ಅವು. ಒಂದೊಂದರ ಬಗ್ಗೆಯೂ ಹತ್ತು ನಿಮಿಷ ಮಾತಾಡಬಲ್ಲ. ಆದರೆ ಅವನಿಗೆ ಇಷ್ಟವಾದದ್ದು ಬೇರೆ, ಈ ಬೀದಿಗೆ ಬರುವ ಜನ ದುಡ್ಡು ಕೊಟ್ಟು ಒಯ್ಯುವುದು ಬೇರೆ. ಇದು ಅವನಿಗೆ ಗೊತ್ತಿರಲಿಲ್ಲ ಅಂತಲ್ಲ, ಅಂಕಿಯಲ್ಲಿ ನೋಡಿರಲಿಲ್ಲ.

ಮೇಜಿನ ದೀಪ

ತಿರುವು ಸಿಕ್ಕಿದ್ದು ನಾವು ಹುಡುಕಿದ್ದರಿಂದಲ್ಲ. ಜನವರಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಅಂಗಡಿಗೆ ಬಂದು, "ನಮ್ಮಣ್ಣ ತೀರಿಕೊಂಡ. ಅವನ ಪ್ಲೇಟುಗಳು ಒಂದು ರೂಮು ತುಂಬಾ ಇವೆ. ಎಸೆದುಬಿಡೋಣ ಅಂತಾರೆ ಮನೆಯವರು. ನೀವು ಒಂದ್ಸಲ ಬಂದು ನೋಡ್ತೀರಾ?" ಅಂದರು. ಮಾರನೇ ದಿನವೇ ಹೋದೆವು.

ಹಳೇ ರೆಕಾರ್ಡ್ ನೋಡೋದು ಒಂದು ಕೆಲಸ, ಅದನ್ನು ಹತ್ತಿರದಿಂದ ನಾನು ನೋಡಿದ್ದು ಅವತ್ತೇ. ಗೆಳೆಯ ಮೊದಲು ಮೂಸಿ ನೋಡಿದ. ಮುಗ್ಗಲು ವಾಸನೆ ಬಂದರೆ ಕವರಿನೊಳಗೆ ಬೂಷ್ಟು ಹಿಡಿದಿರುತ್ತದೆ. ಆಮೇಲೆ ರೆಕಾರ್ಡನ್ನು ಅಂಚು ಮತ್ತು ನಡುವಿನ ಲೇಬಲ್ ಎರಡನ್ನು ಮಾತ್ರ ಮುಟ್ಟಿ ಹೊರಗೆ ಜಾರಿಸಿ, ಕಿಟಕಿಯ ಬೆಳಕಿಗೆ ವಾರೆಯಾಗಿ ಹಿಡಿದ. ನೇರ ಹಿಡಿದರೆ ಕಾಣದ ಗೀರು ವಾರೆ ಹಿಡಿದರೆ ಬೆಳ್ಳಿ ಎಳೆಯ ಹಾಗೆ ಎದ್ದು ಬರುತ್ತದೆ. ಒಂದು ಗೀರಿನ ಮೇಲೆ ಬೆರಳ ತುದಿಯನ್ನು ಹಗುರವಾಗಿ ಸವರಿ, "ಇದು ಕೈಗೆ ಸಿಗುತ್ತೆ, ಅಂದ್ರೆ ಕಿವಿಗೂ ಸಿಗುತ್ತೆ" ಅಂದ. ನಿಮಿಷಕ್ಕೆ 33⅓ ಸುತ್ತು ತಿರುಗುವ ರೆಕಾರ್ಡ್ ಒಂದು ಸುತ್ತು ಹಾಕಲು 1.8 ಸೆಕೆಂಡು ಬೇಕು. ಅಡ್ಡ ಗೀರಿದ್ದರೆ ಹಾಡಿನ ಮಧ್ಯೆ ಪ್ರತಿ 1.8 ಸೆಕೆಂಡಿಗೆ ಒಂದು ಟಿಕ್. ಕೇಳುವವನಿಗೆ ಹಾಡು ಮರೆತುಹೋಗಿ ಟಿಕ್ ಮಾತ್ರ ಕೇಳಲು ಶುರುವಾಗುತ್ತದೆ.

ಕೊನೆಗೆ ಲೇಬಲ್ಲಿನ ನಡುವಿನ ತೂತು ನೋಡಿದ. ಸುತ್ತ ಕೂದಲಿನಂಥ ಗೆರೆಗಳಿದ್ದರೆ ಯಾರೋ ಕತ್ತಲಲ್ಲಿ ತಡಕಾಡಿ ಎಷ್ಟೋ ಸಲ ಹಾಕಿದ್ದಾರೆ ಅಂತ ಅರ್ಥ. ತೂತಿನ ಸುತ್ತ ಕಾಗದ ನುಣುಪಾಗಿದ್ದರೆ ಆ ರೆಕಾರ್ಡ್ ಹೆಚ್ಚು ಸುತ್ತಿಲ್ಲ. ಆ ಮನೆಯ ಅಣ್ಣ ತುಂಬಾ ಜೋಪಾನದ ಮನುಷ್ಯ. ಗೆರೆಗಳೇ ಇರಲಿಲ್ಲ.

380 ಎಲ್‌ಪಿ, ಸುಮಾರು ಅರವತ್ತು 78 ಸುತ್ತಿನ ಹಳೇ ತಟ್ಟೆ. ಗೆಳೆಯ ನಾಲ್ಕು ಗಂಟೆ ಕೂತು ಮೂರು ಗುಡ್ಡೆ ಮಾಡಿದ. ಒಂದು ರೆಕಾರ್ಡನ್ನು ಮಾತ್ರ ಬೇರೆ ಇಟ್ಟು, "ಅಮ್ಮಾ, ಈ ಮೂರನೇ ಗುಡ್ಡೆಗೆ ಎಷ್ಟು ಕೊಡ್ತೀನೋ ಅದಕ್ಕಿಂತ ಜಾಸ್ತಿ ಇದೊಂದಕ್ಕೇ ಆಗುತ್ತೆ. ನಾವು ಎಷ್ಟಕ್ಕೆ ಮಾರ್ತೀವೋ ಅದರ ಅರ್ಧ ನಿಮಗೆ" ಅಂದ. ಅವರಿಗೆ ಗೊತ್ತಿರಲಿಲ್ಲ. ಹೇಳದಿದ್ದರೂ ಗೊತ್ತಾಗುತ್ತಿರಲಿಲ್ಲ. ಹೊರಗೆ ಬಂದ ಮೇಲೆ ನಾನು ಅದನ್ನೇ ಕೇಳಿದೆ, ನಮ್ಮ ಬ್ಯಾಂಕಿನ ಸ್ಥಿತಿ ನನ್ನ ತಲೆಯಲ್ಲಿತ್ತು. "ನಾಳೆ ಅವರ ಸಂಬಂಧಿಕರು ಯಾರೋ ಬೆಲೆ ನೋಡ್ತಾರೆ, ಆಮೇಲೆ ಈ ಬೀದೀಲಿ ನಮಗೆ ಯಾರೂ ಮನೆ ಬಾಗಿಲು ತೆಗೆಯೋದಿಲ್ಲ" ಅಂತ ಹೇಳಿದ.

ಅವನೇ ಸರಿ. ಮುಂದಿನ ಹದಿನಾಲ್ಕು ತಿಂಗಳಲ್ಲಿ ನಾವು ಕೊಂಡ ಐದು ದೊಡ್ಡ ಸಂಗ್ರಹಗಳಿಗೆ ದಾರಿ ತೋರಿಸಿದ್ದು ಆ ಅಮ್ಮ, ಅಥವಾ ಆ ಅಮ್ಮ ಹೇಳಿ ಕಳಿಸಿದವರು.

380ರಲ್ಲಿ 240 ಏಳು ವಾರದಲ್ಲಿ ಮಾರಾಟವಾದವು. ಫೆಬ್ರವರಿ, ಮಾರ್ಚಿನ ಬಾಡಿಗೆ ಬಂದಿದ್ದು ಅಲ್ಲಿಂದ. ನಮ್ಮ ಪುಸ್ತಕದಲ್ಲಿ ಹಳೇ ರೆಕಾರ್ಡಿಗೆ ನಾವು ಕೊಡುತ್ತಿದ್ದುದು ಮಾರುವ ಬೆಲೆಯ ಮೂರನೇ ಒಂದರಿಂದ ಅರ್ಧದವರೆಗೆ. ಲಾಭ ಜಾಸ್ತಿ ಅನ್ನೋದು ಒಂದು. ಅದಕ್ಕಿಂತ ಮುಖ್ಯ, ಗಿರಾಕಿ ಅಲ್ಲೇ ನಿಂತು ಫೋನ್ ತೆಗೆದು "ಇದು ಅಲ್ಲಿ ಇಷ್ಟಕ್ಕೆ ಸಿಗುತ್ತೆ" ಅನ್ನೋದು ಕಡಿಮೆ. ಇದೇ ಸ್ಥಿತಿಯಲ್ಲಿರುವ ಇದೇ ಪ್ರತಿ ಇಲ್ಲಿ ಒಂದೇ ಇದೆ. ಇನ್ನೊಂದು, ಹಳೇದರ ಪೆಟ್ಟಿಗೆ ವಾರವಾರ ಬದಲಾಗುತ್ತದೆ. ಬದಲಾಗುತ್ತದೆ ಅಂತ ಗೊತ್ತಾದ ಮೇಲೆ ಜನ ವಾರವಾರ ಬರುತ್ತಾರೆ. ಹೊಸ ರೆಕಾರ್ಡಿನ ಕಪಾಟು ಒಂದು ಸಲ ನೋಡಿದರೆ ಮುಗಿಯಿತು.

ಹಾಗಂತ ಹಳೇದು ಸಲೀಸು ಅಂತಲ್ಲ. ದರ್ಜೆ ಹಾಕುವುದರಲ್ಲಿ ನಾವು ಎಡವಿದೆವು. ಈ ವ್ಯಾಪಾರದಲ್ಲಿ ಹೆಚ್ಚಿನವರು ಬಳಸೋದು ಗೋಲ್ಡ್‌ಮೈನ್ ಅನ್ನುವ ಅಮೆರಿಕದ ಪತ್ರಿಕೆಯ ದರ್ಜೆ: ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್, ಹೀಗೆ ಕೆಳಗೆ ಇಳಿಯುತ್ತದೆ. ಹೊಸಬರಿಗೆ ಇದರ ಹೆಸರುಗಳೇ ಮೋಸ. "ವೆರಿ ಗುಡ್" ಅಂದರೆ ತುಂಬಾ ಚೆನ್ನಾಗಿದೆ ಅಂತಲ್ಲ, ಹಾಡಿನ ಮೆತ್ತನೆಯ ಜಾಗದಲ್ಲಿ ಚಟಪಟ ಸದ್ದು ಕೇಳಿಸುತ್ತದೆ ಅಂತ. "ಗುಡ್" ಅಂದರೆ ಗದ್ದಲವಿದೆ, ಆದರೂ ಕೊನೆಯವರೆಗೆ ಓಡುತ್ತದೆ ಅಂತ. ನಾವು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ವೆರಿ ಗುಡ್ ಪ್ಲಸ್ ಅಂತ ಬರೆದಿದ್ದನ್ನು ಒಬ್ಬರು ಮೂರೇ ದಿನದಲ್ಲಿ ವಾಪಸ್ ತಂದರು. ಎರಡನೇ ಬದಿ, ಮೂರನೇ ಹಾಡು, ಹನ್ನೆರಡು ಸುತ್ತು ಟಿಕ್. ಅವರ ಮುಂದೆಯೇ ಹಾಕಿ ಕೇಳಿದೆವು. ದುಡ್ಡು ವಾಪಸ್ ಕೊಟ್ಟೆವು. ಚೆಲ್ಲಿಹೋದಂತೆ ಎಲ್ಲ ಕಡೆ ಹರಡುವ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಗೀರು ಕಾಣೋದಿಲ್ಲ. ಅವತ್ತೇ ಒಂದೇ ಬಲ್ಬಿನ ಮೇಜಿನ ದೀಪ ತಂದೆವು. ಆ ದೀಪದ ಕೆಳಗೆ ಮೊದಲ ವಾರದಲ್ಲೇ ನಮ್ಮ ಸರಕಿನಲ್ಲಿ ನಲವತ್ತಕ್ಕೂ ಹೆಚ್ಚು ರೆಕಾರ್ಡ್ ಒಂದು ದರ್ಜೆ ಕೆಳಗಿಳಿದವು. ಬೆಲೆಯೂ ಇಳಿಯಿತು, ನೋವಾಯಿತು. ಆಮೇಲೆ ವಾಪಸ್ ಬರೋದು ಬಹುತೇಕ ನಿಂತುಹೋಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು, ಯಾರದ್ದಾದರೂ ಹಳೇ ಸಂಗ್ರಹ ಕೈಗೆ ಬಂದರೆ ನೆನಪಿರಲಿ. ಎಲ್‌ಪಿ ಪ್ಲಾಸ್ಟಿಕ್‌ನದ್ದು, 1948ರಿಂದ ಈಚೆಗೆ ಬಂದಿದ್ದು. ಅದಕ್ಕಿಂತ ಹಳೇ 78 ಸುತ್ತಿನವು ಹೆಚ್ಚಾಗಿ ಅರಗಿನವು, ಅಂದರೆ ಮರದ ಮೇಲೆ ಹುಳ ಕಟ್ಟುವ ಅದೇ ಅರಗು. ಸ್ಪಿರಿಟ್ ತಾಗಿದರೆ ಕರಗುತ್ತದೆ. ಎಲ್‌ಪಿ ತೊಳೆಯುವ ನೀರಿಗೆ ಕೆಲವರು ಸ್ವಲ್ಪ ಆಲ್ಕೋಹಾಲ್ ಬೆರೆಸುತ್ತಾರೆ, ಅದೇ ನೀರನ್ನು ಅರಗಿನ ತಟ್ಟೆಗೆ ಹಾಕಿದರೆ ಹಾಡೇ ಹೋಗಿಬಿಡುತ್ತದೆ. ಆ ಅರವತ್ತರಲ್ಲಿ ಒಂದನ್ನು ನಾನು ಹೀಗೆ ಕಳೆದೆ. ಅದು ಇನ್ನೂ ನನ್ನ ಮೇಜಿನ ಮೇಲಿದೆ.

ಏಪ್ರಿಲಿನ ಶನಿವಾರ

ರೆಕಾರ್ಡ್ ಸ್ಟೋರ್ ಡೇ ಮೊದಲು ನಡೆದದ್ದು 2008ರ ಏಪ್ರಿಲ್ 19ರಂದು. ಸ್ವತಂತ್ರ ಅಂಗಡಿಗಳಿಗಾಗಿಯೇ ಮಾಡಿದ ದಿನ. ಅವತ್ತಿಗೆ ಅಂತಲೇ ವಿಶೇಷ ಪ್ರತಿಗಳು ಬರುತ್ತವೆ, ಮುಂಗಡ ಕಾಯ್ದಿರಿಸುವಂತಿಲ್ಲ, ಬಂದು ಸಾಲಲ್ಲಿ ನಿಂತವರಿಗೆ ಸಿಗುತ್ತದೆ. ಎರಡನೇ ವರ್ಷ ನಾವೂ ಸೇರಿದೆವು. ಕೇಳಿದಷ್ಟು ಪ್ರತಿ ಬರುತ್ತದೆ ಅನ್ನುವ ಭರವಸೆ ಇಲ್ಲದ ಕಾರಣ ಬೇಕಾದ್ದಕ್ಕಿಂತ ಜಾಸ್ತಿ ಕೇಳುವ ಆಸೆ ಎಲ್ಲ ಅಂಗಡಿಯವರಿಗೂ ಆಗುತ್ತದೆ. ನಾವೂ ಕೇಳಿದೆವು. ಎಲ್ಲರೂ ಹುಡುಕುವ ಹೆಸರುಗಳು ಎರಡೋ ಮೂರೋ ಪ್ರತಿ ಬಂದವು, ಯಾರಿಗೂ ಬೇಡದ್ದು ಕೇಳಿದಷ್ಟೂ ಬಂದವು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಎಪ್ಪತ್ತು ಜನ ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೆ ಗಲ್ಲಾಪೆಟ್ಟಿಗೆ ಮುಚ್ಚಲು ಬಾರದಷ್ಟು ತುಂಬಿತ್ತು. ಜೂನಿನಲ್ಲಿ ಉಳಿದ ಪ್ರತಿಗಳನ್ನು ಕಳೆದು ನೋಡಿದರೆ ಆ ದಿನದ ಲಾಭ ಒಂದು ಸಾಧಾರಣ ಶನಿವಾರದಷ್ಟೂ ಇರಲಿಲ್ಲ.

ಆದರೂ ಆ ದಿನ ದಂಡವಾಯಿತು ಅಂತ ನಾನು ಹೇಳೋದಿಲ್ಲ. ಸಾಲಿನಲ್ಲಿ ನಿಂತವರಲ್ಲಿ ಎಷ್ಟೋ ಜನ ಅಂಗಡಿಯನ್ನು ಮೊದಲ ಸಲ ನೋಡಿದ್ದು ಅವತ್ತೇ. ಅವರಲ್ಲಿ ಸುಮಾರು ಹದಿನೈದು ಜನ ಇವತ್ತಿಗೂ ತಿಂಗಳಿಗೆ ಒಮ್ಮೆ ಬರುತ್ತಾರೆ. ಮೂರನೇ ವರ್ಷ ನಾವು ಕಟ್ಟೆಯ ಮೇಲೆ ಒಂದು ನೋಟ್‌ಬುಕ್ ಇಟ್ಟು, ಯಾರಿಗೆ ಏನು ಬೇಕು ಬರೆಯಿರಿ, ಕೊಡುತ್ತೇವೆ ಅಂತ ಮಾತು ಕೊಡಲಾರೆವು ಅಂದೆವು. ಇಬ್ಬರಾದರೂ ಬರೆಯದ ಹೆಸರನ್ನು ತರಿಸಲಿಲ್ಲ. ಉಳಿದದ್ದು ಒಂಬತ್ತೇ ಪ್ರತಿ.

ಅಂಗಡಿಯಲ್ಲಿ ಒಂದು ಟರ್ನ್‌ಟೇಬಲ್, ಹೆಡ್‌ಫೋನ್ ಇಟ್ಟಿದ್ದೇವೆ. ಹಳೇದನ್ನು ಯಾರು ಬೇಕಾದರೂ ಹಾಕಿ ಕೇಳಬಹುದು. ಸೂಜಿ ಸವೆಯುತ್ತದೆ, ಸಮಯ ಹೋಗುತ್ತದೆ, ನಿಜ. ಆದರೆ ಕೇಳಿದವನು ಬಹಳಷ್ಟು ಸಲ ಒಯ್ಯುತ್ತಾನೆ, ಒಯ್ದದ್ದನ್ನು ವಾಪಸ್ ತರೋದಿಲ್ಲ.

ಆನ್‌ಲೈನ್ ಮಾರಾಟಕ್ಕೆ ಗೆಳೆಯ ಮೊದಲು ಒಪ್ಪಲಿಲ್ಲ. ಬಂದು ಮುಟ್ಟಿ ನೋಡುವವರಿಗಾಗಿ ಅಂಗಡಿ ಅನ್ನುತ್ತಿದ್ದ. ಈಗ ಒಂದು ನಿಯಮ ಮಾಡಿಕೊಂಡಿದ್ದೇವೆ: ಅಂಗಡಿಯಲ್ಲಿ ಮೂರು ತಿಂಗಳು ಇದ್ದೂ ಯಾರೂ ಎತ್ತದ, ಆದರೆ ಎಲ್ಲೋ ಒಬ್ಬ ಹುಡುಕುತ್ತಿರುತ್ತಾನೆ ಅನ್ನಿಸುವ ರೆಕಾರ್ಡ್ ಮಾತ್ರ ಡಿಸ್ಕಾಗ್ಸ್ ಅನ್ನುವ, ರೆಕಾರ್ಡ್ ಕೊಂಡು ಮಾರುವ ಜಾಲತಾಣಕ್ಕೆ ಹೋಗುತ್ತದೆ. ಕೊನೆಯ ಗೆರೆಯ ಆಚೆ, ಲೇಬಲ್ಲಿನ ಪಕ್ಕದ ಖಾಲಿ ಜಾಗದಲ್ಲಿ ಕೆತ್ತಿರುವ ಅಕ್ಷರ, ಅಂಕಿ ನೋಡಿ ಯಾವ ಕಾಲದ ಅಚ್ಚು ಅಂತ ಗುರುತಿಸಬೇಕು, ಅದಕ್ಕೆ ತಾಳ್ಮೆ ಬೇಕು. ಕಳಿಸುವಾಗ ರೆಕಾರ್ಡನ್ನು ಕವರಿನಿಂದ ತೆಗೆದು ಪಕ್ಕದಲ್ಲಿಟ್ಟು ಕಟ್ಟುತ್ತೇವೆ, ಇಲ್ಲದಿದ್ದರೆ ದಾರಿಯಲ್ಲಿ ಅಲುಗಾಡಿ ಕವರಿನ ಅಂಚನ್ನು ಒಳಗಿಂದಲೇ ಸೀಳಿಬಿಡುತ್ತದೆ. ಒಂದು ಪೆಟ್ಟಿಗೆ ಕಟ್ಟಲು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷವನ್ನೂ ಖರ್ಚಿಗೆ ಹಾಕಿ ನೋಡಿದರೆ ಅಗ್ಗದ ರೆಕಾರ್ಡನ್ನು ಆನ್‌ಲೈನಿನಲ್ಲಿ ಮಾರೋದು ನಮಗೆ ಗಿಟ್ಟೋದಿಲ್ಲ.

ಈಗ ಎಲ್ಲಿದ್ದೇವೆ

ಹೊಸದು ನೂರಕ್ಕೆ ಮೂವತ್ತಕ್ಕೆ ಇಳಿದಿದೆ. ಒಂದು ಹೆಸರಿಗೆ ಎರಡಕ್ಕಿಂತ ಹೆಚ್ಚು ಪ್ರತಿ ತರಿಸೋದಿಲ್ಲ, ಖಾಲಿಯಾದರೆ ಮತ್ತೆ ಬರೆಯುತ್ತೇವೆ, ಗಿರಾಕಿಗೆ ಒಂದು ವಾರ ಕಾಯಿರಿ ಅಂತೀವಿ. ಕೆಲವರು ಕಾಯೋದಿಲ್ಲ. ಇರಲಿ. ಪ್ರತಿ ಚೀಟಿಯ ಮೇಲೂ ತಾರೀಖಿದೆ. ತೊಂಬತ್ತು ದಿನಕ್ಕೆ ಬೆಲೆ ಇಳಿಸುತ್ತೇವೆ, ನೂರ ಎಂಬತ್ತು ದಿನಕ್ಕೆ ಅಸಲಿಗೇ ಕೊಟ್ಟುಬಿಡುತ್ತೇವೆ. ಅಸಲಿಗೆ ಮಾರಿದ ಮೊದಲ ದಿನ ಗೆಳೆಯ ಕಟ್ಟೆಯ ಹತ್ತಿರ ಬರಲೇ ಇಲ್ಲ. ಆದರೆ ಹಾಗೆ ಬಂದ ದುಡ್ಡಿನಿಂದಲೇ ಅದೇ ತಿಂಗಳು ಒಂದು ಒಳ್ಳೇ ಸಂಗ್ರಹ ಕೊಂಡೆವು. ಕೈಯಲ್ಲಿ ಕಾಸಿಲ್ಲದಿದ್ದರೆ ಅದು ಬೇರೆಯವರ ಪಾಲಾಗುತ್ತಿತ್ತು.

ಗೆಳೆಯ ಸಂಬಳ ಅಂತ ಏನಾದರೂ ತಗೊಂಡಿದ್ದು ಇಪ್ಪತ್ತಾರನೇ ತಿಂಗಳಿನಿಂದ, ಅದೂ ಅವನು ಬಿಟ್ಟು ಬಂದ ಕೆಲಸದ ಸಂಬಳದ ಅರ್ಧಕ್ಕಿಂತ ಕಡಿಮೆ. ಅಷ್ಟು ಕಾಲ ಮನೆ ನಡೆಸಿದ್ದು ಅವನ ಹೆಂಡತಿಯ ದುಡಿಮೆ. ಇದನ್ನು ಬರೆಯದೆ ಬಿಟ್ಟರೆ ನಮ್ಮ ಲೆಕ್ಕ ಸುಳ್ಳಾಗುತ್ತದೆ. ಯಾರಾದರೂ ನನ್ನ ಹತ್ತಿರ ಬಂದು ಅಂಗಡಿ ಹಾಕ್ತೀನಿ ಅಂದರೆ ಎಷ್ಟು ರೆಕಾರ್ಡ್ ಇದೆ ಅಂತ ನಾನು ಕೇಳೋದಿಲ್ಲ, ಎರಡು ವರ್ಷ ಮನೆ ಹೇಗೆ ನಡೆಯುತ್ತದೆ ಅಂತ ಕೇಳುತ್ತೇನೆ. ಅದಕ್ಕೆ ಉತ್ತರ ಇದ್ದರೆ ಮಾತ್ರ ಉಳಿದ ಮಾತು.

ಮೂರು ವರ್ಷದ ಬಾಡಿಗೆ ಕರಾರು ಮುಗಿಯುವ ಹೊತ್ತಿಗೆ ಮಾಲೀಕರು ಬಾಡಿಗೆ ಏರಿಸಿದರು. ನಾವು ಜಾಗದ ಹಿಂಭಾಗವನ್ನು ಬಿಟ್ಟುಕೊಟ್ಟು, ಮುಂಭಾಗ ಮಾತ್ರ ಉಳಿಸಿಕೊಂಡು ಹೊಸ ಕರಾರು ಮಾಡಿಕೊಂಡೆವು. ಹೊಸ ರೆಕಾರ್ಡಿನ ಎರಡು ಕಪಾಟು ಹೊರಗೆ ಹೋದವು. ಒಂದು ಎಲ್‌ಪಿ ಕವರ್ ಸಮೇತ ಸುಮಾರು ಕಾಲು ಕೆಜಿ ತೂಗುತ್ತದೆ. ಆ ಕಪಾಟುಗಳ ಹಲಗೆಗಳು ಮೂರು ವರ್ಷದ ಭಾರಕ್ಕೆ ನಡುವೆ ಬಾಗಿಹೋಗಿದ್ದವು. ಮೇಜು, ದೀಪ, ಟರ್ನ್‌ಟೇಬಲ್ ಈಗ ಬಾಗಿಲ ಪಕ್ಕಕ್ಕೆ ಬಂದಿವೆ. ಸಾಲದಲ್ಲಿ ಇನ್ನು ಹನ್ನೊಂದು ಕಂತು ಬಾಕಿ ಇದೆ.